ಕಜಾನ್‌ನಲ್ಲಿ ನಿಜಕ್ಕೂ ತಾತಾರರದ್ದು ಏನಿದೆ?

ಮಗಳು ರಷ್ಯಾದ ಕಜಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ, ನೋಡಲು ಹೋದಾಗ ಎರಡು ದಿನ ಬಿಡುವು ಸಿಗುತ್ತೆ, ಅಲ್ಲಿನ ಮುಸ್ಲಿಂ ಜನಾಂಗವಾದ ತಾತಾರರ ಹಳೇ ಗುರುತು ಎಲ್ಲಿ ಸಿಕ್ಕೀತು ಅಂತ ಕೇಳಿದ್ದೀರಿ. ನಾನೂ ಅದೇ ಊರಲ್ಲಿ ಓದಿದವನು. ನನ್ನ ಸಲಹೆ ಇಷ್ಟು: ಕ್ರೆಮ್ಲಿನ್ ಎಂಬ ಊರ ಕೋಟೆಗೆ ಅರ್ಧ ದಿನ ಸಾಕು, ಮಿಕ್ಕ ಹೊತ್ತನ್ನು ಕಬಾನ್ ಕೆರೆ ಪಕ್ಕದ ಹಳೇ ತಾತಾರ್ ಬಡಾವಣೆಗೆ ಇಟ್ಟುಕೊಳ್ಳಿ.

ಕ್ರೆಮ್ಲಿನ್ ಚೆನ್ನಾಗಿಲ್ಲ ಅಂತಲ್ಲ. 2000ದಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ. ಆದರೆ 1552ರಲ್ಲಿ ರಷ್ಯಾದ ದೊರೆ ನಾಲ್ಕನೇ ಇವಾನ್ ಊರನ್ನು ಗೆದ್ದ ಮೇಲೆ, ಅಲ್ಲಿವರೆಗೆ ಆಳಿದ ತಾತಾರ್ ಖಾನರ ಕಾಲದ್ದು ನೆಲದ ಮೇಲೆ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಬಿಳಿ ಕಲ್ಲಿನ ಕೋಟೆ ಕಟ್ಟಿಸಿದ್ದು ಗೆದ್ದವರು, ಪ್ಸ್ಕೋವ್‌ನಿಂದ ಮೇಸ್ತ್ರಿಗಳನ್ನು ಕರೆಸಿ. ಎಲ್ಲರೂ ಫೋಟೋ ಹೊಡೆಸಿಕೊಳ್ಳುವ ನೀಲಿ ಗುಮ್ಮಟದ ಕುಲ್ ಷರೀಫ್ ಮಸೀದಿ ಬಾಗಿಲು ತೆರೆದದ್ದೇ 2005ರಲ್ಲಿ. 1552ರ ಕಾಳಗದಲ್ಲಿ ಮಡಿದ ಇಮಾಮನ ಹೆಸರು ಅದಕ್ಕೆ. ಪಕ್ಕದಲ್ಲಿ ವಾಲಿಕೊಂಡು ನಿಂತ ಏಳು ಅಂತಸ್ತಿನ ಸ್ಯುಯುಂಬಿಕೆ ಗೋಪುರದ ಬಗ್ಗೆ ಗೈಡ್ ಒಂದು ಕಥೆ ಹೇಳುತ್ತಾನೆ: ಇವಾನ್ ಮದುವೆಗೆ ಪೀಡಿಸಿದ, ತಾತಾರ್ ರಾಣಿ ಸ್ಯುಯುಂಬಿಕೆ ಏಳು ದಿನದಲ್ಲಿ ಗೋಪುರ ಕಟ್ಟಿಸು ಎಂದಳು, ಕಟ್ಟಿ ಮುಗಿದಾಗ ಮೇಲಿಂದ ಹಾರಿದಳು. ಕಥೆ ಸೊಗಸು, ನಂಬಬೇಡಿ. ರಾಣಿಯನ್ನು 1551ರಲ್ಲೇ ಮಾಸ್ಕೋಗೆ ಒಯ್ದಿದ್ದರು.

ಕೋಟೆಯ ಹೊರಗೆ ಮೂಸಾ ಜಲೀಲ್‌ನ ಪ್ರತಿಮೆ ಮುಂದೆ ಒಂದು ನಿಮಿಷ ನಿಲ್ಲಿ. ನಾಜಿಗಳು 1944ರಲ್ಲಿ ಬರ್ಲಿನ್‌ನಲ್ಲಿ ಕೊಂದ ತಾತಾರ್ ಕವಿ ಅವನು, ಸೆರೆಮನೆಯಲ್ಲೂ ಪದ್ಯ ಬರೆದವನು.

ಈಗ ಕೆರೆ ಕಡೆ ಬನ್ನಿ. ಸೋತ ತಾತಾರರನ್ನು ಕೋಟೆಯೊಳಗೆ ಇರಗೊಡಲಿಲ್ಲ, ಅವರು ಬಂದು ನೆಲೆಸಿದ್ದು ಇಲ್ಲಿ. 1740ರ ದಶಕದಲ್ಲಿ ಕಜಾನ್ ಸೀಮೆಯ ನೂರಾರು ಮಸೀದಿಗಳನ್ನು ಕೆಡವಲಾಗಿತ್ತು. 1767ರಲ್ಲಿ ವೋಲ್ಗಾ ನದಿ ಮೇಲೆ ಬಂದ ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಕಲ್ಲಿನ ಮಸೀದಿಗೆ ಅಪ್ಪಣೆ ಕೊಟ್ಟಳು. ಹಾಗೆ ಎದ್ದದ್ದು ಮರ್ಜಾನಿ ಮಸೀದಿ. ಮಿನಾರು ಪಕ್ಕದಲ್ಲಿಲ್ಲ, ಚಾವಣಿಯಿಂದಲೇ ಮೇಲೇಳುತ್ತದೆ. ಗೋಡೆಯ ಅಲಂಕಾರ ನೋಡಿದರೆ ಪೀಟರ್ಸ್‌ಬರ್ಗಿನ ಅರಮನೆ ನೆನಪಾಗುತ್ತದೆ. ಮಿನಾರು ತೀರಾ ಎತ್ತರವಾಯಿತೆಂದು ಅಧಿಕಾರಿಗಳು ದೂರಿದಾಗ "ನೆಲ ಗುರುತು ಮಾಡಿಕೊಟ್ಟೆ, ಆಕಾಶ ನನ್ನ ಕೈಲಿಲ್ಲ" ಅಂದಳಂತೆ ರಾಣಿ. ಇದೂ ದಂತಕಥೆಯೇ ಇರಬೇಕು, ಆದರೆ ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಸೋವಿಯತ್ ಕಾಲದಲ್ಲೂ ಇಲ್ಲಿ ನಮಾಜು ನಡೆಯುತ್ತಿತ್ತು. ಒಳಗೆ ಹೋಗುವಾಗ ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು, ದುಪಟ್ಟಾ ಇರಲಿ.

ಮಸೀದಿ ಸುತ್ತಿನ ಬೀದಿಗಳಲ್ಲಿ ಹಸಿರು, ನೀಲಿ, ಹಳದಿ ಬಳಿದ ಮರದ ಮನೆಗಳಿವೆ, ಕಿಟಕಿ ಚೌಕಟ್ಟಿಗೆಲ್ಲ ಕೆತ್ತನೆ. ಸುಮ್ಮನೆ ಅಡ್ಡಾಡಿ. ವಾಪಸ್ ಬರುವಾಗ ತುಕಾಯ್ ಚೌಕದ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ. ಕವಿ ಗಬ್ದುಲ್ಲಾ ತುಕಾಯ್ ಬರೆದ ಕಥೆಗಳು ಗೋಡೆ ಮೇಲೆ ಮೊಸಾಯಿಕ್ ಆಗಿವೆ. ಬೌಮನ್ ಬೀದಿಯ ಬೆಕ್ಕಿನ ಪ್ರತಿಮೆ ಹೇಗೂ ಕಣ್ಣಿಗೆ ಬೀಳುತ್ತೆ.

ಊಟಕ್ಕೆ: ಎಚ್ಪೋಚ್ಮಾಕ್ ನೋಡಲು ಸಮೋಸಾ, ಒಳಗೆ ಮಾಂಸ. ಸಸ್ಯಾಹಾರಿಗಳಾದರೆ ಆಲೂಗೆಡ್ಡೆ ಹಿಸುಕಿ ತುಂಬಿ ಮಡಚಿದ ರೊಟ್ಟಿ, ಕಿಸ್ತಿಬಿ ಕೇಳಿ. ಕರಿದ ಹಿಟ್ಟಿನ ತುಣುಕುಗಳನ್ನು ಜೇನಲ್ಲಿ ಅಂಟಿಸಿದ ಸಿಹಿ ಚಕ್-ಚಕ್ ಊರಿಗೂ ಕಟ್ಟಿಸಿಕೊಳ್ಳಿ, ಬೇಗ ಕೆಡಲ್ಲ.

ಬೇಸಿಗೆಯಲ್ಲಿ ಹೋಗುವುದಾದರೆ, ಇನ್ನೊಂದು ದಿನ ಸಿಕ್ಕರೆ ಬೋಲ್ಗಾರ್ ನೋಡಿ. 922ರಲ್ಲಿ ಇಸ್ಲಾಂ ಒಪ್ಪಿಕೊಂಡ, ತಾತಾರರು ತಮ್ಮ ಪೂರ್ವಜರೆನ್ನುವ ವೋಲ್ಗಾ ಬಲ್ಗಾರರ ಊರು ಅದು. ಕಜಾನ್ ಕ್ರೆಮ್ಲಿನ್‌ನಲ್ಲಿ ಕಾಣಸಿಗದ ಹಳೇ ಕಲ್ಲಿನ ಗೋರಿಗಳು, ಮಸೀದಿಯ ಅವಶೇಷ ಎಲ್ಲ ಅಲ್ಲಿವೆ.