ಓದುಗರ ಪ್ರಶ್ನೆ: ಬ್ರಿಟನ್ನಿನಲ್ಲಿ ಯಾರ ಓಟು ಯಾರಿಗೆ, ಯಾಕೆ?

ವರ್ಗ, ತಲೆಮಾರು, ಜನಾಂಗ ಈ ಮೂರೂ ಓಟಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರಿಟನ್ ಕುರಿತವು. ಐದನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕೂಲಿಕಾರರು ಲೇಬರ್ ಪಕ್ಷಕ್ಕೆ, ಅನುಕೂಲಸ್ಥರು ಕನ್ಸರ್ವೇಟಿವ್ ಪಕ್ಷಕ್ಕೆ ಎಂದು ಓದಿದ್ದೆವು. ಅದು ಈಗಲೂ ನಿಜವೇ? (ಉಪನ್ಯಾಸಕರು, ದಾವಣಗೆರೆ)

ಈಗ ನಿಜವಲ್ಲ. 2019ರ ಚುನಾವಣೆಯ ನಂತರ ಯೂಗವ್ ಸಂಸ್ಥೆ ನಡೆಸಿದ ದೊಡ್ಡ ಸಮೀಕ್ಷೆಯನ್ನೇ ನೋಡಿ. ಮಧ್ಯಮ ವರ್ಗದ ಮತದಾರರಲ್ಲಿ ಕನ್ಸರ್ವೇಟಿವ್‌ಗೆ ಶೇ 43, ಲೇಬರ್‌ಗೆ ಶೇ 33. ದುಡಿಯುವ ವರ್ಗದಲ್ಲಿ ಕನ್ಸರ್ವೇಟಿವ್‌ಗೆ ಶೇ 48, ಲೇಬರ್‌ಗೆ ಅದೇ ಶೇ 33. ಕಾರ್ಮಿಕರ ಹೆಸರನ್ನೇ ಹೊತ್ತ ಪಕ್ಷಕ್ಕೆ ಎರಡೂ ವರ್ಗಗಳಲ್ಲಿ ಒಂದೇ ಪಾಲು ಸಿಕ್ಕಿತ್ತು.

ಈ 'ವರ್ಗ'ವನ್ನು ಅಳೆಯುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಮನೆಗೆ ಮುಖ್ಯವಾಗಿ ದುಡಿದು ತರುವವರ ಕೆಲಸ ನೋಡಿ ಕುಟುಂಬಕ್ಕೆ ಎ, ಬಿ, ಸಿ1, ಸಿ2, ಡಿ, ಇ ಎಂದು ಅಕ್ಷರ ಕೊಡುತ್ತಾರೆ. ಮೊದಲ ಮೂರು ಮಧ್ಯಮ ವರ್ಗ, ಕೊನೆಯ ಮೂರು ದುಡಿಯುವ ವರ್ಗ. ಅಧಿಕಾರಿಗಳು, ವೃತ್ತಿಪರರು, ಗುಮಾಸ್ತರು ಮೊದಲ ಮೂರರಲ್ಲಿ. ನುರಿತ ಕಸುಬುದಾರರು ಸಿ2, ಉಳಿದ ಮೈಕೆಲಸದವರು ಡಿ. ಕೊನೆಯ 'ಇ'ಯಲ್ಲಿ ನಿರುದ್ಯೋಗಿಗಳ ಜೊತೆಗೆ ಸರ್ಕಾರಿ ವೃದ್ಧಾಪ್ಯ ಪಿಂಚಣಿಯೊಂದನ್ನೇ ನಂಬಿದವರೂ ಸೇರುತ್ತಾರೆ. ಎಡವುವುದು ಇಲ್ಲಿಯೇ. ಸ್ವಂತ ಮನೆಯಿರುವ 75ರ ಅಜ್ಜಿಯೂ ಕೆಲಸ ಕಳೆದುಕೊಂಡ 25ರ ಯುವಕನೂ ಒಂದೇ ಸಾಲಿಗೆ ಬೀಳುತ್ತಾರೆ. 'ದುಡಿಯುವ ವರ್ಗ ಬಲಕ್ಕೆ ತಿರುಗಿತು' ಎಂಬ ಮಾತಿನಲ್ಲಿ ಒಂದು ಪಾಲು ವರ್ಗದ್ದಲ್ಲ, ವಯಸ್ಸಿನದು.

ಉಳಿದ ಪಾಲಿಗೆ ಗಟ್ಟಿ ಕಾರಣಗಳಿವೆ. ಗಣಿ, ಉಕ್ಕು, ಹಡಗುಕಟ್ಟೆಗಳು ಮುಚ್ಚಿದಾಗ ಸಂಬಳದ ಜೊತೆಗೆ ಕಾರ್ಮಿಕ ಸಂಘವೂ ಹೋಯಿತು. ಓಟನ್ನು ಪಕ್ಷಕ್ಕೆ ಕಟ್ಟಿಹಾಕಿದ್ದ ಹಗ್ಗ ಆ ಸಂಘವೇ. ಇನ್ನೊಂದು ಕಾರಣ ಮನೆ. ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಸರ್ಕಾರದ 1980ರ ವಸತಿ ಕಾಯ್ದೆ, ಸ್ಥಳೀಯ ಆಡಳಿತದ ಬಾಡಿಗೆ ಮನೆಯಲ್ಲಿ ಮೂರು ವರ್ಷ ಇದ್ದವರಿಗೆ ಶೇ 33 ರಿಯಾಯಿತಿಯಲ್ಲಿ ಅದನ್ನು ಕೊಳ್ಳುವ ಹಕ್ಕು ಕೊಟ್ಟಿತು. ಇದ್ದ ವರ್ಷ ಹೆಚ್ಚಾದಂತೆ ರಿಯಾಯಿತಿ ಶೇ 50ರವರೆಗೂ ಏರುತ್ತಿತ್ತು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಮಾರಾಟವಾದವು. ನಿನ್ನೆಯವರೆಗೆ ಬಾಡಿಗೆಯ ಚಿಂತೆಯಲ್ಲಿದ್ದ ಕುಟುಂಬ ಇಂದು ಸಾಲದ ಬಡ್ಡಿಯನ್ನೂ ಮನೆಯ ಬೆಲೆಯನ್ನೂ ಲೆಕ್ಕ ಹಾಕತೊಡಗಿತು.

ಆದರೂ ಹಳೆಯ ನಿಷ್ಠೆ ಒಂದೇ ದಿನಕ್ಕೆ ಕಳಚಲಿಲ್ಲ. ಡರ್ಬಿಶೈರ್‌ನ ಗಣಿ ಪ್ರದೇಶವಾದ ಬೋಲ್ಸೋವರ್ ಕ್ಷೇತ್ರ 1950ರಲ್ಲಿ ರಚನೆಯಾದಾಗಿನಿಂದಲೂ ಲೇಬರ್ ಪಾಲಿಗಿತ್ತು, 1970ರಿಂದ ಡೆನಿಸ್ ಸ್ಕಿನ್ನರ್ ಒಬ್ಬರೇ ಗೆಲ್ಲುತ್ತಿದ್ದರು. ಗಣಿ ಮುಚ್ಚುವುದರ ವಿರುದ್ಧ ಕಾರ್ಮಿಕರು ಹೂಡಿದ್ದ ಮುಷ್ಕರ ಮುಗಿದದ್ದು 1985ರಲ್ಲಿ, ಆ ಕ್ಷೇತ್ರ ಕೈತಪ್ಪಿದ್ದು 2019ರಲ್ಲಿ. ನಡುವಿನ 34 ವರ್ಷ ಅಪ್ಪನ ಓಟು ಮಗನನ್ನು ಹಿಡಿದಿಟ್ಟಿತ್ತು. ಹಿಡಿತ ಬಿಡಿಸಿದ್ದು ಐರೋಪ್ಯ ಒಕ್ಕೂಟದಲ್ಲಿ ಬ್ರಿಟನ್ ಇರಬೇಕೇ, ಬಿಡಬೇಕೇ ಎಂಬ ಪ್ರಶ್ನೆ.

ಇಂದು ವರ್ಗಕ್ಕಿಂತ ಶಿಕ್ಷಣ ಹೆಚ್ಚು ಹೇಳುತ್ತದೆ. ಅದೇ 2019ರ ಸಮೀಕ್ಷೆಯಲ್ಲಿ ಹತ್ತನೇ ತರಗತಿ ಮಟ್ಟಕ್ಕೆ ಓದು ನಿಲ್ಲಿಸಿದವರು ಕನ್ಸರ್ವೇಟಿವ್‌ಗೆ ಶೇ 58, ಲೇಬರ್‌ಗೆ ಶೇ 25 ಕೊಟ್ಟರು. ಪದವೀಧರರಲ್ಲಿ ಲೇಬರ್ ಶೇ 43, ಕನ್ಸರ್ವೇಟಿವ್ ಶೇ 29.

ಪ್ರಶ್ನೆ: ವಯಸ್ಸಾದಂತೆ ಮನುಷ್ಯ ತಾನಾಗಿಯೇ ಕನ್ಸರ್ವೇಟಿವ್ ಆಗುತ್ತಾನೆಯೇ, ಇಲ್ಲ ಆ ತಲೆಮಾರೇ ಹಾಗೆಯೇ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಎರಡನ್ನು ಬೇರೆಯಾಗಿಯೇ ಕೇಳಿದ್ದೀರಿ, ಅದು ಸರಿಯಾದ ದಾರಿ. ಇವುಗಳ ಜೊತೆಗೆ ಮೂರನೆಯದೂ ಒಂದಿದೆ: ಆ ಕಾಲದ ಗಾಳಿ.

ಮೂರನ್ನೂ ಬಿಡಿಸಲು ಒಂದೇ ಚುನಾವಣೆಯ ಕೋಷ್ಟಕ ಸಾಲದು. ಒಂದೇ ದಶಕದಲ್ಲಿ ಹುಟ್ಟಿದವರನ್ನು ಹಿಡಿದು, ಅವರು 30, 45, 60 ಆದಾಗ ಏನು ಮಾಡಿದರು ಎಂದು ಚುನಾವಣೆಯಿಂದ ಚುನಾವಣೆಗೆ ಹಿಂಬಾಲಿಸಬೇಕು. ಅವರೇ ಸರಿಯುತ್ತಾ ಹೋದರೆ ಅದು ವಯಸ್ಸು. ಅವರು ನಿಂತಲ್ಲೇ ನಿಂತು, ಹಿಂದಿನವರೂ ಮುಂದಿನವರೂ ಬೇರೆ ಕಡೆ ಇದ್ದರೆ ಅದು ತಲೆಮಾರು. ಎಲ್ಲ ವಯಸ್ಸಿನವರೂ ಒಟ್ಟಿಗೆ ಒಂದೇ ಕಡೆಗೆ ವಾಲಿದರೆ ಅದು ಗಾಳಿ.

ಬ್ರಿಟನ್ನಿನಲ್ಲಿ ಯಾವ ವಯಸ್ಸು ದಾಟಿದ ಮೇಲೆ ಲೇಬರ್‌ಗಿಂತ ಕನ್ಸರ್ವೇಟಿವ್ ಓಟು ಹೆಚ್ಚಾಗುತ್ತದೆ ಎಂದು ಯೂಗವ್ ಲೆಕ್ಕ ಹಾಕುತ್ತದೆ. 2017ರಲ್ಲಿ ಅದು 47, 2019ರಲ್ಲಿ 39, 2024ರಲ್ಲಿ 60ಕ್ಕೂ ಮೇಲೆ. ಏಳು ವರ್ಷದಲ್ಲಿ ಯಾರೂ ಏಳಕ್ಕಿಂತ ಹೆಚ್ಚು ವರ್ಷ ಮುದುಕರಾಗುವುದಿಲ್ಲ. ಹಾಗಾಗಿ ಈ ಏರಿಳಿತ ಗಾಳಿಯ ಕೆಲಸ. ಆದರೆ ಗಾಳಿ ಹೇಗೆ ಬೀಸಿದರೂ ಎಳೆಯರ ಮತ್ತು ಹಿರಿಯರ ನಡುವಿನ ಕಂದಕ ಉಳಿದೇ ಇತ್ತು. 2019ರಲ್ಲಿ 18ರಿಂದ 24ರವರಲ್ಲಿ ಲೇಬರ್ ಶೇ 56, ಕನ್ಸರ್ವೇಟಿವ್ ಶೇ 21. 70 ದಾಟಿದವರಲ್ಲಿ ಕನ್ಸರ್ವೇಟಿವ್ ಶೇ 67, ಲೇಬರ್ ಶೇ 14.

'ವಯಸ್ಸಾದಂತೆ' ಎಂಬ ಮಾತಿನೊಳಗೆ ಏನೇನಿದೆ ನೋಡಿ. ಹಿಂದೆ ವಯಸ್ಸಿನ ಜೊತೆಗೆ ಮನೆ ಬರುತ್ತಿತ್ತು, ಉಳಿತಾಯ ಬರುತ್ತಿತ್ತು, ಪಿಂಚಣಿ ಬರುತ್ತಿತ್ತು. ಕಾಯಬೇಕಾದದ್ದು ಕೈಗೆ ಬಂದವನು ಬದಲಾವಣೆಗೆ ಹೆದರುತ್ತಾನೆ. ಇಂದಿನ 35ರ ಬ್ರಿಟಿಷ್ ಪದವೀಧರ ಇನ್ನೂ ಬಾಡಿಗೆ ಮನೆಯಲ್ಲಿದ್ದು ಓದಿನ ಸಾಲ ತೀರಿಸುತ್ತಿದ್ದರೆ, ವಯಸ್ಸು ಮಾತ್ರ ಆಗಿದೆ, ಅದರೊಡನೆ ಬರಬೇಕಾದದ್ದು ಬಂದಿಲ್ಲ. 1960ರ ದಶಕದ ಆರಂಭದಲ್ಲಿ ನೂರರಲ್ಲಿ ಐದರಷ್ಟು ಯುವಕರು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದ ದೇಶದಲ್ಲಿ ಇಂದು ಮೂರರಲ್ಲಿ ಒಬ್ಬರಿಗೂ ಹೆಚ್ಚು ಹೋಗುತ್ತಾರೆ. ಹೀಗಾಗಿ ಶಿಕ್ಷಣದ ಕಂದಕವೂ ತಲೆಮಾರಿನ ಕಂದಕವೂ ಒಂದರ ಮೇಲೊಂದು ಕೂತಿವೆ. ಇಂದಿನ ಯುವಕರು ನಾಳೆ ಅಜ್ಜಂದಿರಂತೆಯೇ ಓಟು ಹಾಕುತ್ತಾರೆ ಎಂದು ನಂಬಿಕೊಂಡ ಪಕ್ಷ ಮನೆಯ ಬೆಲೆಯನ್ನು ಮರೆತಿದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ಬ್ರಿಟನ್ನಿನ ಭಾರತೀಯರು ಲೇಬರ್ ಬಿಟ್ಟು ಕನ್ಸರ್ವೇಟಿವ್ ಕಡೆ ಹೋದರು, ಲೆಸ್ಟರ್ ಪೂರ್ವವೇ ಸಾಕ್ಷಿ ಎನ್ನುತ್ತಾರೆ. ಸರಿಯೇ? (ಓದುಗರು, ಮಂಗಳೂರು)

ಸಾಕ್ಷಿಯನ್ನೇ ಬಿಚ್ಚಿ ನೋಡೋಣ. 2024ರ ಜುಲೈ 4ರಂದು ದೇಶದ ಉದ್ದಗಲಕ್ಕೂ ಸೋತ ಕನ್ಸರ್ವೇಟಿವ್ ಪಕ್ಷ ಲೇಬರ್‌ನಿಂದ ಕಿತ್ತುಕೊಂಡ ಏಕೈಕ ಕ್ಷೇತ್ರ ಲೆಸ್ಟರ್ ಪೂರ್ವ. ಗೆದ್ದವರು ಶಿವಾನಿ ರಾಜಾ. ಆದರೆ ಅವರ ಪಕ್ಷದ ಪಾಲು 2019ರ ಸುಮಾರು ಶೇ 38ರಿಂದ ಶೇ 31ಕ್ಕೆ ಇಳಿದಿತ್ತು. ಕ್ಷೇತ್ರದ ಗಡಿ ಸ್ವಲ್ಪ ಬದಲಾದದ್ದನ್ನು ಲೆಕ್ಕಕ್ಕೆ ಹಿಡಿದರೂ ಅದನ್ನು ಏರಿಕೆ ಎನ್ನಲಾಗದು. ಕುಸಿದದ್ದು ಲೇಬರ್: ಸುಮಾರು ಶೇ 50ರಿಂದ ಶೇ 22ಕ್ಕೆ. ಆ ಕ್ಷೇತ್ರವನ್ನು 1987ರಿಂದ 2019ರವರೆಗೆ ಲೇಬರ್‌ನಿಂದ ಪ್ರತಿನಿಧಿಸಿದ್ದ ಕೀತ್ ವಾಜ್ ಬೇರೆ ಪಕ್ಷದಿಂದ ನಿಂತರು. 2019ರಲ್ಲಿ ಲೇಬರ್‌ನಿಂದ ಗೆದ್ದಿದ್ದ ಕ್ಲೌಡಿಯಾ ವೆಬ್ ಪಕ್ಷೇತರರಾಗಿ ನಿಂತರು. ಓಟು ಹಂಚಿಹೋಯಿತು. ಕ್ಷೇತ್ರ ಕೈಬದಲಾದದ್ದು ಸತ್ಯ, ಅದರಿಂದ 'ಭಾರತೀಯರು ಬದಲಾದರು' ಎನ್ನುವುದು ದುಡುಕು.

ಪಕ್ಕದ ಲೆಸ್ಟರ್ ದಕ್ಷಿಣದಲ್ಲಿ ಅದೇ ದಿನ ಇನ್ನೊಂದು ನಡೆಯಿತು. 2019ರಲ್ಲಿ ಶೇ 67 ಪಡೆದಿದ್ದ ಲೇಬರ್‌ನ ಜೊನಾಥನ್ ಆಶ್ವರ್ತ್, ಪಕ್ಷೇತರ ಶೌಕತ್ ಆಡಮ್ ಎದುರು 979 ಮತಗಳಿಂದ ಸೋತರು. ಗಾಜಾ ಯುದ್ಧದ ಬಗ್ಗೆ ಲೇಬರ್ ನಾಯಕತ್ವ ತಳೆದ ನಿಲುವು ಮುಸ್ಲಿಂ ಮತದಾರರನ್ನು ನೋಯಿಸಿತ್ತು. 2021ರ ಜನಗಣತಿ ಪ್ರಕಾರ ಲೆಸ್ಟರ್‌ನ ಶೇ 43.4 ಜನ 'ಏಷ್ಯನ್'. ಒಂದೇ ಊರು, ಒಂದೇ ಜನಗಣತಿ ಖಾನೆ, ಆದರೂ ಅಕ್ಕಪಕ್ಕದ ಎರಡು ಕ್ಷೇತ್ರಗಳಲ್ಲಿ ಲೇಬರ್ ಸೋತದ್ದು ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆಯವರ ಎದುರು.

ಇತಿಹಾಸವೂ ಒಂದೇ ಅಲ್ಲ. ಜನಾಂಗ ಭೇದದ ವಿರುದ್ಧದ 1965, 1968, 1976ರ ಮೂರೂ ಕಾಯ್ದೆಗಳನ್ನು ತಂದದ್ದು ಲೇಬರ್ ಸರ್ಕಾರಗಳು. ವಲಸಿಗರ ವಿರುದ್ಧ 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುಖ್ಯಾತ ಭಾಷಣ ಮಾಡಿದ ಈನಾಕ್ ಪೊವೆಲ್ ಕನ್ಸರ್ವೇಟಿವ್ ಪಕ್ಷದವರು. ಹೀಗಾಗಿ 2010ರ ಅಲ್ಪಸಂಖ್ಯಾತ ಮತದಾರರ ವಿಶೇಷ ಅಧ್ಯಯನದಲ್ಲೂ ಲೇಬರ್‌ಗೆ ಶೇ 68, ಕನ್ಸರ್ವೇಟಿವ್‌ಗೆ ಶೇ 16 ಸಿಕ್ಕಿತ್ತು. ಇನ್ನೊಂದು ಕಡೆ, 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ ಬಾಗಿಲು ತೆರೆದದ್ದು ಎಡ್ವರ್ಡ್ ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ. ಆಗ ಲೆಸ್ಟರ್ ನಗರಾಡಳಿತ 'ಇಲ್ಲಿಗೆ ಬರಬೇಡಿ' ಎಂದು ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಹಾಗೆ ಬಂದು ಅಂಗಡಿ ಇಟ್ಟ ಗುಜರಾತಿ ಕುಟುಂಬದ ನೆನಪು ಬೇರೆ, ಕಾರ್ಖಾನೆಗೆಂದು ಬಂದ ಪಂಜಾಬಿ ಕುಟುಂಬದ ನೆನಪು ಬೇರೆ.

ಕನ್ನಡಿಗರ ವಿಷಯ? ವೈದ್ಯರಾಗಿ, ಸಾಫ್ಟ್‌ವೇರ್ ನೌಕರರಾಗಿ ಹೋದವರೇ ಹೆಚ್ಚು. ಯಾವ ಸಮೀಕ್ಷೆಯಲ್ಲೂ ಪ್ರತ್ಯೇಕವಾಗಿ ಕಾಣುವಷ್ಟು ಸಂಖ್ಯೆಯಿಲ್ಲ. ಲಂಡನ್ನಿನ ಲ್ಯಾಂಬೆತ್ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲೇಬರ್ ಪಕ್ಷದವರು ಎಂಬುದರಿಂದ ಉಳಿದವರ ಓಟನ್ನು ಊಹಿಸಲಾಗದು.

ಪ್ರಶ್ನೆ: 'ಇಂಥ ಸಮುದಾಯದ ಶೇ 40 ಓಟು ಇಂಥ ಪಕ್ಷಕ್ಕೆ' ಎಂಬ ಸುದ್ದಿಯನ್ನು ಪರೀಕ್ಷಿಸುವುದು ಹೇಗೆ? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಹಾವೇರಿ)

ಮೊದಲು ಆ ಸಮುದಾಯದವರನ್ನು ಎಷ್ಟು ಜನ ಕೇಳಿದ್ದಾರೆ ಎಂದು ಹುಡುಕಿ. ಒಟ್ಟು ಎಷ್ಟು ಎಂಬುದಲ್ಲ. ಆ ಸಂಖ್ಯೆಯ ವರ್ಗಮೂಲ ತೆಗೆದು 100ನ್ನು ಅದರಿಂದ ಭಾಗಿಸಿ. ಬರುವುದೇ ಹೆಚ್ಚುಕಡಿಮೆಯ ಅಂದಾಜು. 1,000 ಜನರಿಗೆ ಇದು ಸುಮಾರು 3, 100 ಜನರಿಗೆ 10. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾರತೀಯ ಮೂಲದವರು ಶೇ 3ರಷ್ಟು. ಅಲ್ಲಿ 1,000 ಜನರನ್ನು ಕೇಳಿದರೆ ಸಿಗುವವರು ಸುಮಾರು 30. ಅವರ ಲೆಕ್ಕಕ್ಕೆ 18 ಅಂಶ ಹೆಚ್ಚುಕಡಿಮೆ. 'ಶೇ 40' ಎಂದರೆ 22ರಿಂದ 58ರವರೆಗೆ ಏನೂ ಆಗಿರಬಹುದು. ಇಂಗ್ಲಿಷ್ ಬಾರದ ಹಿರಿಯರನ್ನು ಆನ್‌ಲೈನ್ ಸಮೀಕ್ಷೆ ತಲುಪಿತೇ ಎಂದೂ ಕೇಳಿ. ಸಮುದಾಯದ ಎಳೆಯರೇ, ಓದಿದವರೇ ಹೆಚ್ಚು ಸಿಕ್ಕಿದ್ದರೆ ವರ್ಗ, ತಲೆಮಾರು, ಜನಾಂಗ ಮೂರೂ ಕಲಸಿಹೋಗುತ್ತವೆ.

ಎರಡನೆಯ ತಪ್ಪು ಊರಿನ ಅಂಕಿಯಿಂದ ಜನರ ಮನಸ್ಸು ಓದುವುದು. 2016ರ ಜನಮತಗಣನೆಯಲ್ಲಿ ಲ್ಯೂಟನ್ ಊರಿನಲ್ಲಿ ಮತ ಹಾಕಿದವರ ಪೈಕಿ ಶೇ 56.5 ಜನ ಐರೋಪ್ಯ ಒಕ್ಕೂಟ ಬಿಡಬೇಕೆಂದರು. ಅಲ್ಲಿ ದೊಡ್ಡ ಏಷ್ಯನ್ ಜನಸಂಖ್ಯೆಯಿದೆ. ಏಷ್ಯನ್ನರು ಬಿಡಬೇಕೆಂದರೋ, ಅವರ ನೆರೆಯವರು ಅಂದರೋ ಎಂಬುದು ಆ ಒಂದು ಅಂಕಿಯಲ್ಲಿಲ್ಲ.

ಕರ್ನಾಟಕದಲ್ಲಿ ನಮಗೆ ಒಂದು ಅನುಕೂಲವಿದೆ. ಚುನಾವಣಾ ಆಯೋಗದ ಫಾರ್ಮ್ 20ರಲ್ಲಿ ಮತಗಟ್ಟೆವಾರು ಫಲಿತಾಂಶ ಸಿಗುತ್ತದೆ. ಬ್ರಿಟನ್ನಿನಲ್ಲಿ ಬೇರೆ ಬೇರೆ ಪೆಟ್ಟಿಗೆಗಳ ಮತಪತ್ರಗಳನ್ನು ಬೆರೆಸಿಯೇ ಎಣಿಸುವುದರಿಂದ ಸಂಸತ್ ಚುನಾವಣೆಗೆ ಅಂಥ ಲೆಕ್ಕ ಇಲ್ಲ. ಆದರೆ ಫಾರ್ಮ್ 20 ಕೂಡ ಬೀದಿಯನ್ನು ತೋರಿಸುತ್ತದೆ, ಮನೆಯನ್ನಲ್ಲ. ರಾಜ್ಯದ ಒಟ್ಟು ಅಂಕಿಯಂತೂ ಇನ್ನೂ ಮಬ್ಬು. 2018ರಲ್ಲೂ 2023ರಲ್ಲೂ ಬಿಜೆಪಿಯ ಪಾಲು ಶೇ 36ರ ಆಸುಪಾಸು, ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಒಂದು ಭಾಗದಲ್ಲಿ ಬಿಟ್ಟುಹೋದವರೂ ಇನ್ನೊಂದು ಭಾಗದಲ್ಲಿ ಹೊಸದಾಗಿ ಬಂದವರೂ ಸರಿದೂಗಿದಾಗ ಮೊತ್ತ ಅಲುಗದೆ ನಿಲ್ಲುತ್ತದೆ. ಯಾವ ಜಾತಿ ಎತ್ತ ಹೋಯಿತೆಂದು ಆ ಮೊತ್ತದಿಂದ ಬರೆಯಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ವರ್ಕ್ ವೀಸಾದ ಮೇಲಿದ್ದೇನೆ, ಭಾರತದ ಪಾಸ್‌ಪೋರ್ಟ್. ಇಲ್ಲಿ ಓಟು ಹಾಕಬಹುದೇ? (ಸಾಫ್ಟ್‌ವೇರ್ ಉದ್ಯೋಗಿ, ಮಿಲ್ಟನ್ ಕೀನ್ಸ್)

ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, 18 ತುಂಬಿ, ಕ್ರಮಬದ್ಧ ವೀಸಾದ ಮೇಲೆ ಅಲ್ಲಿ ವಾಸವಿರುವ ಭಾರತೀಯ ಪ್ರಜೆ ಸಂಸತ್ ಚುನಾವಣೆಗೂ ಸ್ಥಳೀಯ ಚುನಾವಣೆಗೂ ಮತದಾರ. ವಿದ್ಯಾರ್ಥಿಗಳಿಗೂ ಇದು ಅನ್ವಯ. ಎಷ್ಟೋ ಮಂದಿಗೆ ಗೊತ್ತೇ ಇಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ.

ಸರ್ಕಾರದ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ನೋಂದಾಯಿಸಿ. ಮತದಾನಕ್ಕೆ 12 ಕೆಲಸದ ದಿನ ಮುಂಚಿನ ಮಧ್ಯರಾತ್ರಿ ಕೊನೆಯ ಗಡುವು. ಮನೆ ಬದಲಿಸಿದರೆ ಮತ್ತೆ ನೋಂದಾಯಿಸಬೇಕು. ಬಾಡಿಗೆ ಮನೆ ಪದೇ ಪದೇ ಬದಲಿಸುವ ಎಳೆಯರು ಪಟ್ಟಿಯಿಂದ ಬಿಟ್ಟುಹೋಗುವುದು ಹೀಗೆಯೇ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. 2023ರಿಂದ ಇಂಗ್ಲೆಂಡಿನಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. 2024ರ ಚುನಾವಣೆಯಲ್ಲಿ ಹಿರಿಯರ ಬಸ್ ಪಾಸ್ ಒಪ್ಪಿಗೆಯಾಗಿತ್ತು, ವಿದ್ಯಾರ್ಥಿಗಳ ಕಾರ್ಡ್ ಆಗಿರಲಿಲ್ಲ. ತಲೆಮಾರಿನ ಅಂತರವನ್ನು ನಿಯಮವೇ ಹಿಗ್ಗಿಸುವುದು ಅನ್ಯಾಯ ಎಂದೇ ನಮಗನ್ನಿಸುತ್ತದೆ. ದಾಖಲೆ ಇಲ್ಲದವರು 6 ಕೆಲಸದ ದಿನ ಮುಂಚಿನ ಸಂಜೆ 5ರೊಳಗೆ ಉಚಿತ ವೋಟರ್ ಅಥಾರಿಟಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬಹುದು.

ಕನ್ನಡಿಗರು ಎಡವುವುದು ಹೆಸರಿನಲ್ಲಿ. ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಮತದಾರರ ಪಟ್ಟಿಯಲ್ಲಿ ಇನ್ನೊಂದು ಬಗೆ ಇದ್ದರೆ ತಕರಾರು ಬರಬಹುದು. ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ.

ಊರಿನ ಓಟೂ ಬೇಕೆಂದರೆ ಭಾರತದಲ್ಲಿ ಫಾರ್ಮ್ 6ಎ ಮೂಲಕ ಸಾಗರೋತ್ತರ ಮತದಾರರಾಗಿ ಸೇರಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ನಿಮ್ಮ ಮತಗಟ್ಟೆಗೇ ಬರಬೇಕು. ಬ್ರಿಟಿಷ್ ಪ್ರಜೆಯಾಗಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಪಡೆದವರಿಗೆ ಭಾರತದಲ್ಲಿ ಓಟಿಲ್ಲ.