ಈಗಷ್ಟೇ ಸ್ಕೂಬಾ ಕಲಿತವರು ಮುಳುಗಿದ ಹಡಗು ನೋಡಲು ಇಳಿಯಬಹುದಾ?

ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಈಗಷ್ಟೇ ಮುಗಿದಿದೆ, ನಾಲ್ಕೇ ಡೈವ್ ಆಗಿವೆ, ಹಡಗು ಅಂದರೆ ಆಸೆಯೂ ಇದೆ ಭಯವೂ ಇದೆ ಅಂತ ಕೇಳಿದ್ದೀರಿ. ಧಾರಾಳವಾಗಿ ಇಳಿಯಿರಿ. ಹಡಗು ಆಳದಲ್ಲಿರಬಾರದು, ನೀವು ಅದರ ಒಳಗೆ ನುಗ್ಗಬಾರದು, ಅಷ್ಟೇ.

ನಾನು ಮೊದಲು ನೋಡಿದ್ದು ಬಾಲಿಯ ತುಲಂಬೆನ್‌ನಲ್ಲಿರುವ ಲಿಬರ್ಟಿ. ನನಗದು ಏಳನೇ ಡೈವ್. ಅಮೆರಿಕ ಸೇನೆಯ ಸರಕು ಹಡಗು ಅದು. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದರು. ನೀರು ಜಾಸ್ತಿ ತುಂಬಿತ್ತು, ಹಾಗಾಗಿ ತುಲಂಬೆನ್ ದಡಕ್ಕೇ ಹತ್ತಿಸಿಬಿಟ್ಟರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದು ನೆಲ ನಡುಗಿದಾಗ ಹಡಗು ಜಾರಿ ನೀರಿಗೆ ಬಿತ್ತು. ಟಾರ್ಪೆಡೊ ಮುಳುಗಿಸಲಾಗದ್ದನ್ನು ಬೆಟ್ಟ ಮುಳುಗಿಸಿತು!

ಹೀಗಾಗಿ ಅದು ದಡದಿಂದ ಕೂಗಳತೆಯಲ್ಲೇ ಇದೆ, ದೋಣಿ ಬೇಕಿಲ್ಲ. ಇಳಿಜಾರಿನಲ್ಲಿ ಮಲಗಿರುವುದರಿಂದ ಮೇಲಿನ ಭಾಗ ಸುಮಾರು 5 ಮೀಟರ್ ಆಳದಲ್ಲಿ, ಕೆಳಗಿನದು 30ರ ಹತ್ತಿರ. ಓಪನ್ ವಾಟರ್ ಮುಗಿಸಿದ ನಿಮ್ಮ ಮಿತಿ 18 ಮೀಟರ್ ಅಲ್ವಾ? ಅಷ್ಟರಲ್ಲೇ ನೋಡಿ ಮುಗಿಯುವುದಿಲ್ಲ.

ನಿಜವಾದ ಕಷ್ಟ ಇರುವುದು ದಡದಲ್ಲಿ. ಉದ್ದಕ್ಕೂ ಗುಂಡುಕಲ್ಲು. ಬೆನ್ನ ಮೇಲೆ ಟ್ಯಾಂಕ್ ಹೊತ್ತು ಎರಡು ಹೆಜ್ಜೆ ಇಟ್ಟೆ, ಅಲೆ ಬಡಿಯಿತು, ಮಗುಚಿದ ಆಮೆಯ ಹಾಗೆ ಬಿದ್ದೆ. ಅದೇ ಕಲ್ಲುಗಳ ಮೇಲೆ ಊರಿನ ಹೆಂಗಸರು ತಲೆ ಮೇಲೆ ಟ್ಯಾಂಕ್ ಇಟ್ಟುಕೊಂಡು ಸಲೀಸಾಗಿ ನಡೆಯುತ್ತಿದ್ದರು. ನನ್ನನ್ನು ನೋಡಿ ನಕ್ಕರು. ನಗಲಿ ಬಿಡಿ.

ಕೆಳಗೆ ಕರಿ ಮರಳು. ಅದರಲ್ಲಿ ಹುಲ್ಲಿನ ಎಸಳಿನಂತೆ ನಿಂತಿದ್ದ ಗಾರ್ಡನ್ ಈಲ್ ಎಂಬ ಹಾವಿನಂಥ ಮೀನುಗಳು ನಾವು ಹತ್ತಿರ ಹೋಗುತ್ತಲೇ ಒಂದೊಂದಾಗಿ ಬಿಲದೊಳಗೆ ಇಳಿದವು. ಮುಂದೆ ನೀಲಿ ಇದ್ದಕ್ಕಿದ್ದಂತೆ ಕಪ್ಪಾಯಿತು. ಅದೇ ಹಡಗು. ಕಬ್ಬಿಣದ ಪಕ್ಕೆಲುಬಿನ ಮೇಲೆ ಬೂದು ಬಣ್ಣದ ಹವಳವೊಂದಿತ್ತು. ಸುಮ್ನೆ ಟಾರ್ಚ್ ಹಾಕಿದೆ. ಕುಂಕುಮದ ಕೆಂಪು! ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಬಿಡುತ್ತದೆ. ಹಗಲಾದರೂ ಟಾರ್ಚ್ ಒಯ್ಯಿರಿ.

ಇನ್ನು ನನ್ನ ಪೆದ್ದುತನ. ಹಡಗು ಒಡೆದು ಬಾಯ್ದೆರೆದಿದೆ, ಎಲ್ಲ ಕಡೆ ಬೆಳಕು ಕಾಣುತ್ತದೆ, ಏನಾದೀತು ಅಂತ ಒಂದು ಕಿಂಡಿಯಲ್ಲಿ ತೂರಿದೆ. ಎರಡು ಮಾರು ಒಳಗೆ ಅಷ್ಟೇ. ಕಾಲಿಗೆ ಹಾಕಿದ್ದ ಈಜುರೆಕ್ಕೆ (ಫಿನ್) ಕೆಳಕ್ಕೆ ಬಡಿದದ್ದೇ ತಡ, ಹೂಳು ಎದ್ದು ಗಾಳಿ ಎಷ್ಟಿದೆ ಅಂತ ತೋರಿಸುವ ನನ್ನ ಗೇಜ್ ನನಗೇ ಕಾಣಲಿಲ್ಲ. ಅಲುಗಾಡದೆ ನಿಂತೆ. ಗೈಡ್ ಕಾಲು ಹಿಡಿದು ಹೊರಗೆಳೆದ. ಮೇಲೆ ಬಂದ ಮೇಲೆ ಚೆನ್ನಾಗಿಯೇ ಬೈದ. ಒಳಗೆ ಹೋಗಲು ಬೇರೆ ತರಬೇತಿಯೇ ಇದೆ. ಹೊರಗಡೆಯೂ ಕಪ್ಪೆ ಈಜಿದಂತೆ ಕಾಲನ್ನು ಅಗಲಕ್ಕೆ ಒದೆಯಿರಿ, ಆಗ ಹೂಳು ಏಳುವುದಿಲ್ಲ.

ಗಾಳಿಯ ಲೆಕ್ಕ ಮರೆಯಬೇಡಿ. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಪ್ರತಿ ಉಸಿರಿಗೂ ಗಾಳಿ ಅಷ್ಟೇ ಪಟ್ಟು ಖರ್ಚು. 20ರಲ್ಲಿ ಮೂರು ಪಟ್ಟು. ಉತ್ಸಾಹಕ್ಕೆ ಏದುಸಿರು ಬೇರೆ. ನನ್ನ ಟ್ಯಾಂಕಿನ ಗಾಳಿಯ ಒತ್ತಡ 200 ಬಾರ್‌ನಿಂದ ಅರ್ಧ ಗಂಟೆಯಲ್ಲಿ 70ಕ್ಕೆ ಇಳಿದಿತ್ತು. ಮೊದಲು ಆಳದ ಭಾಗ ನೋಡಿ, ನಿಧಾನಕ್ಕೆ ಹಡಗಿನ ಜೊತೆಗೇ ಮೇಲೆ ಬನ್ನಿ. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕಲ್ಲ, ಇಲ್ಲಿ ಆಗಲೂ ಎದುರಿಗೆ ಮೀನುಗಳಿರುತ್ತವೆ, ಬೇಜಾರಾಗುವುದಿಲ್ಲ.

ನೀರು ಬೆಚ್ಚಗಿದೆ ಅಂತ ಚಡ್ಡಿಯಲ್ಲಿ ಇಳಿಯುವವರಿದ್ದಾರೆ. ನೀವು ಮೈತುಂಬ ಸೂಟ್ ಹಾಕಿ. ತುಕ್ಕು ಕಬ್ಬಿಣ ಕೊಯ್ಯುತ್ತದೆ, ಫೈರ್ ಕೋರಲ್ ಸುಡುತ್ತದೆ, ಕಲ್ಲೆಂದು ಕೈ ಇಟ್ಟಿದ್ದು ವಿಷಮುಳ್ಳಿನ ಸ್ಕಾರ್ಪಿಯನ್ ಮೀನಾಗಿರಬಹುದು. ಅದೇ ನೈಟ್ರೋಜನ್ ಕಾರಣಕ್ಕೆ ಕೊನೆಯ ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತಬೇಡಿ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ.

ಸಾಧ್ಯವಾದರೆ ಬೆಳಕು ಹರಿಯುವ ಹೊತ್ತಿಗೇ ಇಳಿಯಿರಿ. ಆಮೇಲೆ ಜನಜಂಗುಳಿ. ಹಣೆ ಉಬ್ಬಿದ ಬಂಪ್‌ಹೆಡ್ ಪ್ಯಾರಟ್‌ಫಿಶ್‌ಗಳ ಹಿಂಡು ಅಲ್ಲಿ ಸಿಗುವುದು ಆ ಹೊತ್ತಿಗೆ. ಒಂದೊಂದೂ ಮೀಟರ್ ಉದ್ದ ಇರಬಹುದು. ಹತ್ತಿರದಲ್ಲಿದ್ದರೆ ಅವು ಹವಳ ಕಡಿಯುವ ಕಟಕಟ ಸದ್ದೂ ಕೇಳುತ್ತದೆ.