ದಾನದ ಖಾತೆಗೆ ಹೆಂಡತಿಯ ಹೆಸರನ್ನು ಮೊದಲೇ ಸೇರಿಸಿ

ಅಮೆರಿಕಕ್ಕೆ ಬಂದು ಮೂರು ವರ್ಷವಾಯಿತು, ಕಂಪನಿಯ ಷೇರು ಚೆನ್ನಾಗಿ ಏರಿದೆ, ಆಫೀಸಿನಲ್ಲಿ ಎಲ್ಲರೂ ಡೋನರ್ ಅಡ್ವೈಸ್ಡ್ ಫಂಡ್ (ದಾನಕ್ಕೆಂದೇ ಹಣ ತೆಗೆದಿಡುವ ಖಾತೆ) ಅನ್ನುತ್ತಾರೆ ಎಂದು ಬರೆದಿದ್ದೀರಿ. ಹೆಂಡತಿಯನ್ನೂ ಸೇರಿಸಬಹುದೇ, ಅದರಿಂದ ಊರಿನ ಶಾಲೆಗೆ ಕೊಡಬಹುದೇ ಎಂದೂ ಕೇಳಿದ್ದೀರಿ. ಹೆಂಡತಿಯನ್ನು ಮೊದಲ ದಿನವೇ ಸೇರಿಸಿ. ಊರಿನ ಶಾಲೆಯ ವಿಷಯ ಬೇರೆ, ಆಮೇಲೆ ಹೇಳುತ್ತೇನೆ.

ಫಿಡೆಲಿಟಿ ಚಾರಿಟಬಲ್, ವ್ಯಾನ್‌ಗಾರ್ಡ್ ಚಾರಿಟಬಲ್ ಹೀಗೆ ಈ ಖಾತೆ ತೆರೆದುಕೊಡುವವರೆಲ್ಲ ಸ್ವತಃ ದಾನಸಂಸ್ಥೆಗಳು. ನೀವು ಹಾಕಿದ ಹಣ ಅವರದಾಗಿಬಿಡುತ್ತದೆ. ಧಾರೆ ಎರೆದು ಕೊಟ್ಟ ಹಾಗೆ, ವಾಪಸ್ ಕೇಳುವಂತಿಲ್ಲ. ಅದಕ್ಕೇ ತೆರಿಗೆ ವಿನಾಯಿತಿಯನ್ನು ಹಣ ಹಾಕಿದ ವರ್ಷವೇ ಪಡೆಯಬಹುದು. ಆ ಹಣ ಮುಂದೆ ಯಾವ ಸಂಸ್ಥೆಗೆ ಹೋಗಬೇಕು ಅಂತ ನಿಧಾನವಾಗಿ ಯೋಚಿಸಿ ಸಲಹೆ ಕೊಡಬಹುದು. ಕೊನೆಯ ತೀರ್ಮಾನ ಮಾತ್ರ ಅವರದು.

ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರನ್ನು ಮಾರದೆ ಹಾಗೇ ಹಾಕಿ. ಏರಿದ ಲಾಭಕ್ಕೆ ತೆರಿಗೆ ಕಟ್ಟಬೇಕಿಲ್ಲ. ಆದರೆ ಲೆಕ್ಕ ಕೊಡದೆಯೇ ಎಲ್ಲರಿಗೂ ಸಿಗುವ ಕಡಿತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ 2025ರಲ್ಲಿ ದಂಪತಿಗೆ 31,500 ಡಾಲರ್ ಇತ್ತು. ದಾನವೂ ಸೇರಿ ನೀವು ಲೆಕ್ಕ ತೋರಿಸುವ ಕಡಿತಗಳ ಮೊತ್ತ ಆ ಡಿಡಕ್ಷನ್ ದಾಟದಿದ್ದರೆ ವಿನಾಯಿತಿಯ ಲಾಭವಿಲ್ಲ. ಅದಕ್ಕೆ ಹಲವರು ಮೂರು ನಾಲ್ಕು ವರ್ಷದ ದಾನವನ್ನು ಒಂದೇ ವರ್ಷ ಹಾಕುತ್ತಾರೆ.

ಈಗ ಹೆಸರಿನ ಮಾತು. ನಾನು ಖಾತೆ ತೆರೆದಾಗ ನನ್ನ ಹೆಸರೊಂದೇ ಇತ್ತು. ಒಂದು ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಕಾರ್ಯ ಮುಗಿಯುವವರೆಗೆ ತುಮಕೂರಿನಲ್ಲೇ ಇದ್ದೆ. ಪ್ರತಿ ವರ್ಷ ಆ ತಿಂಗಳು ಇಲ್ಲಿ ನಾವಿರುವ ಊರಿನ ಫುಡ್ ಬ್ಯಾಂಕಿಗೆ (ಬಡವರಿಗೆ ಆಹಾರ ಹಂಚುವ ಸಂಸ್ಥೆ) ಆ ಖಾತೆಯಿಂದ ಕೊಡುತ್ತಿದ್ದೆವು. ಹೆಂಡತಿ ಖಾತೆಯ ಸಂಸ್ಥೆಗೆ ಫೋನ್ ಮಾಡಿದರೆ, ಖಾತೆಯಲ್ಲಿ ನಿಮ್ಮ ಹೆಸರಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಅವಳು ಮನೆಖರ್ಚಿನ ದುಡ್ಡಿನಿಂದ ಚೆಕ್ ಬರೆದಳು. ಆ ನೋವು ನನಗೆ ಇನ್ನೂ ಇದೆ.

ಸಾಮಾನ್ಯವಾಗಿ ಪೂರ್ತಿ ಅಧಿಕಾರದ ಖಾತೆದಾರರು ಒಬ್ಬರಿಗಿಂತ ಜಾಸ್ತಿ ಇರಬಹುದು. ಕೆಲವರಿಗೆ ಗ್ರಾಂಟ್ (ಖಾತೆಯಿಂದ ಯಾರಿಗೆ ದಾನ ಹೋಗಬೇಕು ಎಂದು) ಸೂಚಿಸುವ ಅನುಮತಿ ಮಾತ್ರ, ಕೆಲವರಿಗೆ ನೋಡುವ ಅನುಮತಿ ಮಾತ್ರ ಕೊಡಬಹುದು. ಮಗಳು ಕಾಲೇಜು ಸೇರಿದಾಗ ನೋಡುವುದಕ್ಕೆ ಸೇರಿಸಿದೆವು. ನಮ್ಮ ದಾನವೆಲ್ಲ ಎಲ್ಲಿಗೆ ಹೋಗಿದೆ ಅಂತ ಓದಿ, ಲೈಬ್ರರಿಗೆ ಯಾಕೆ ಕೊಟ್ಟೇ ಇಲ್ಲ ಎಂದು ಕೇಳಿದಳು. ಅಂದಿನಿಂದ ಸೂಚಿಸುವ ಹಕ್ಕು ಅವಳಿಗೂ ಇದೆ. ನಿಮ್ಮ ನಂತರ ಯಾರು ಎಂಬ ಜಾಗವನ್ನೂ ಖಾಲಿ ಬಿಡಬೇಡಿ. ಬಿಟ್ಟರೆ ಉಳಿದ ಹಣ ಸಂಸ್ಥೆಯ ನಿಯಮದಂತೆ ಹೋಗುತ್ತದೆ.

ಈ ಖಾತೆಯಿಂದ ಮಕ್ಕಳ ಫೀಸು, ಔತಣಕೂಟದ ಟಿಕೆಟ್, ಒಬ್ಬ ವ್ಯಕ್ತಿಗೆ ಸಹಾಯ ಯಾವುದೂ ಆಗುವುದಿಲ್ಲ. ಕಂಪನಿ ಮ್ಯಾಚಿಂಗ್ (ನೀವು ಕೊಟ್ಟ ದಾನಕ್ಕೆ ತನ್ನದೂ ಸೇರಿಸಿ) ಕೊಡುವುದಾದರೆ ಅಷ್ಟನ್ನು ಕೈಯಿಂದಲೇ ಕೊಡಿ. ಈ ಖಾತೆಯ ಹಣಕ್ಕೆ ಎಷ್ಟೋ ಕಂಪನಿಗಳು ಮ್ಯಾಚ್ ಮಾಡುವುದಿಲ್ಲ.

ಇನ್ನು ಊರಿನ ಶಾಲೆ. ಈ ಖಾತೆಯ ಹಣ ಹೆಚ್ಚಾಗಿ ಅಮೆರಿಕದಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೇ ಹೋಗುತ್ತದೆ. ಅಕ್ಷಯ ಪಾತ್ರದ ಅಮೆರಿಕ ಶಾಖೆಗೆ ಕೊಡಬಹುದು, ನಿಮ್ಮೂರ ಶಾಲೆಯ ಟ್ರಸ್ಟಿಗೆ ನೇರವಾಗಿ ಕಷ್ಟ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಅಲ್ವಾ? ಹಾಗಿದ್ದರೆ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಎಫ್‌ಸಿಆರ್‌ಎ ಎಂಬ ಭಾರತದ ವಿದೇಶಿ ದೇಣಿಗೆ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ತೆರಿಗೆ ವಿನಾಯಿತಿ ಸಿಗದು, ಆದರೆ ದುಡ್ಡು ಶಾಲೆಗೆ ಸೇರುತ್ತದೆ. ಜೊತೆಗೆ ಪಾಸ್‌ಪೋರ್ಟ್ ಪ್ರತಿಯನ್ನೂ ಟ್ರಸ್ಟಿನವರಿಗೆ ಕಳಿಸಿ.